ಮೂರು ಊರುಗಳೂ ದೂರದ ಪ್ರಭುತ್ವಗಳೂ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರಿಗೆ ಮದ್ದೂರು ಬಂದಿತೆಂದು ಯಾರೂ ತಿಳಿಸಬೇಕಾಗಿಲ್ಲ. ವಡೆ ಮಾರುವವರ ಕೂಗೇ ತಿಳಿಸುತ್ತದೆ. ಸ್ವಲ್ಪ ಹೊತ್ತಿಗೆ ಮಂಡ್ಯ ಬರುತ್ತದೆ. ಕಬ್ಬು ಅರೆಯುವ ಕಾಲವಾದರೆ ಕಾಕಂಬಿಯ ವಾಸನೆ ಕಿಟಕಿಯಿಂದ ಒಳಕ್ಕೆ ಬಂದು ನಮ್ಮನ್ನು ಎದುರುಗೊಳ್ಳುತ್ತದೆ. ಮಳವಳ್ಳಿಗೆ ರೈಲಿಲ್ಲ. ಮದ್ದೂರಿನಲ್ಲಿ ಇಳಿದು ತೆಂಕಣ ದಾರಿ ಹಿಡಿದವರಿಗೆ ಮಾತ್ರ ಆ ಊರು ಕಾಣುತ್ತದೆ. ನೋಡುವವರಿಗೆ ಇವು ಮೂರೂ ಸಾಮಾನ್ಯವಾದ ಊರುಗಳೇ. ಸಂತೆ, ಕಚೇರಿ, ಎತ್ತಿನ ಗಾಡಿಗಳ ಜಾಡು, ಕಬ್ಬಿನ ಲಾರಿಗಳ ಸಾಲು, ಇಷ್ಟೇ.

ಮಹಾರಾಷ್ಟ್ರಗಳ ಪೈಪೋಟಿ ಎಂಬ ಮಾತನ್ನು ಕೇಳಿದೊಡನೆ ವಿದ್ಯಾವಂತರಾದ ನಮ್ಮ ಮನಸ್ಸು ಸೂಯೆಜ್ ಕಾಲುವೆಗೆ ಹಾರುತ್ತದೆ, ಪಾರಸೀಕ ದೇಶದ ಎಣ್ಣೆಯ ಬಾವಿಗಳಿಗೆ ಹಾರುತ್ತದೆ, ಮಂಡ್ಯದಲ್ಲಿ ಇಳಿಯುವುದಿಲ್ಲ. ಆದರೆ ಅಷ್ಟು ದೂರ ಹೋಗಬೇಕಾದ ಅವಶ್ಯಕತೆಯಿಲ್ಲವೆಂದು ಈ ಹೊತ್ತು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಈ ಮೂರು ತಾಲ್ಲೂಕುಗಳ ರೈತನ ಹೊಲವನ್ನು ಕುರಿತು ಎರಡು ಶತಮಾನಗಳಿಂದ ನಿರ್ಣಯಗಳು ನಡೆದಿವೆ. ಅವು ನಡೆದದ್ದು ಲಂಡನ್ನಿನಲ್ಲಿ, ಮದರಾಸಿನಲ್ಲಿ, ಸಿಮ್ಲೆಯಲ್ಲಿ, ಡೆಲ್ಲಿಯಲ್ಲಿ. ಒಮ್ಮೊಮ್ಮೆ ಜಾವಾ ದ್ವೀಪದಲ್ಲಿ. ಯಾರ ಹೊಲವೋ ಅವರನ್ನು ಕೇಳಿದ ಸಂದರ್ಭಗಳು ಬಹಳ ಕಡಮೆ. ದೊಡ್ಡ ರಾಷ್ಟ್ರವೆಂದರೆ ದೊಡ್ಡ ಸೈನ್ಯವುಳ್ಳದ್ದು ಎಂದು ನಾವು ಲಕ್ಷಣ ಹೇಳುತ್ತೇವೆ. ಇನ್ನೊಬ್ಬರ ಬಾಳಿನ ವಿಷಯವನ್ನು ಅವರನ್ನು ಕೇಳದೆ ತೀರ್ಮಾನಿಸಬಲ್ಲ ಶಕ್ತಿ ಯಾವುದೋ ಅದೇ ದೊಡ್ಡ ರಾಷ್ಟ್ರ ಎಂಬುದು ಇನ್ನೂ ನಿಷ್ಕೃಷ್ಟವಾದ ಲಕ್ಷಣವೆಂದು ನನಗೆ ತೋರುತ್ತದೆ.

ಮೊದಲು ಮಳವಳ್ಳಿಯನ್ನು ತೆಗೆದುಕೊಳ್ಳೋಣ. ೧೭೯೮ರಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದನು. ಅಲ್ಲಿಂದ ಇಂಡಿಯಾಕ್ಕೆ ದಾರಿ ಮಾಡಿಕೊಳ್ಳುವನೆಂಬ ಭಯ ಇಂಗ್ಲಿಷರಿಗೆ. ಟಿಪ್ಪು ಸುಲ್ತಾನನು ಫ್ರೆಂಚರ ಸ್ನೇಹವನ್ನು ಅರಸುತ್ತಿದ್ದನಾದ್ದರಿಂದ ಗವರ್ನರ್ ಜನರಲ್ ಮಾರ್ನಿಂಗ್ಟನ್ ಪ್ರಭುವಿಗೆ ಮೈಸೂರಿನ ಮೇಲೆ ದಂಡೆತ್ತಲು ಬೇರೆ ಕಾರಣ ಬೇಕಾಗಲಿಲ್ಲ. ಜನರಲ್ ಹ್ಯಾರಿಸನ ಸೈನ್ಯ ಘಟ್ಟವನ್ನು ಹತ್ತಿ ಬಂದಿತು. ಮದ್ದೂರಿನ ಹೊಳೆಯ ಬಳಿ ತಂಗಿದ್ದ ಟಿಪ್ಪು ಮುಂದೆ ಸಾಗಿ, ೧೭೯೯ರ ಮಾರ್ಚಿ ೨೭ರಂದು ಮಳವಳ್ಳಿಯಲ್ಲಿ ಅದನ್ನು ಇದಿರಿಸಿ ಸೋತನು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಆ ದಿನ ಮಳವಳ್ಳಿಯ ಬಯಲಿನಲ್ಲಿದ್ದ ಒಬ್ಬ ಕರ್ನಲ್. ಐದು ವಾರಗಳ ಮೇಲೆ, ಮೇ ೪ರಂದು, ಶ್ರೀರಂಗಪಟ್ಟಣ ಬಿದ್ದಿತು. ಹೊಸ ಕೌಲಿನ ಪ್ರಕಾರ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹಗಳ ಪೊಗದಿಯನ್ನು ಕಂಪೆನಿಗೆ ಒಪ್ಪಿಸಬೇಕಾಯಿತು. ಪ್ಯಾರಿಸ್ಸಿಗೂ ಲಂಡನ್ನಿಗೂ ಇದ್ದ ಹಗೆಯ ಲೆಕ್ಕದಲ್ಲಿ ಒಂದು ಬಾಬು ಮಳವಳ್ಳಿಯ ರೈತನ ಕಂದಾಯದ ಮೇಲೆ ಬಿದ್ದಿತೆಂದರೆ ತಪ್ಪಾಗದು.

ಒಂದು ಶತಮಾನ ಕಳೆಯಿತು. ಅದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ದಿವಾನ್ ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ ಆರಂಭವಾದ ವಿದ್ಯುತ್ತಿನ ಕೆಲಸವು ೧೯೦೨ರ ಜೂನಿನಲ್ಲಿ ಫಲಕೊಟ್ಟಿತು. ಯಂತ್ರಗಳು ಅಮೆರಿಕದವು, ಸ್ವಿಟ್ಜರ್ಲೆಂಡಿನವು. ಯೋಜನೆಯನ್ನು ನಡೆಸಿದ ಇಂಜಿನಿಯರು ಕೆನಡಾದ ಜೋಲಿ ದ ಲಾಟ್‌ಬಿನಿಯರ್. ತಂತಿಯು ೯೨ ಮೈಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಗಣಿಗಳು ಲಂಡನ್ನಿನ ಜಾನ್ ಟೇಲರ್ ಕಂಪೆನಿಯವರ ಕೈಯಲ್ಲಿದ್ದುವು. ಸಂಸ್ಥಾನಕ್ಕೆ ರಾಜಧನ ಬಂದಿತು, ವಿದ್ಯುತ್ತಿನ ಬೆಲೆ ಬಂದಿತು, ಇದನ್ನು ಅಲ್ಲಗಳೆಯಲಾಗದು. ಆದರೆ ಕ್ರಮವನ್ನು ಗಮನಿಸಬೇಕು. ಬೆಳಕು ಮೊದಲು ಚಿನ್ನಕ್ಕೆ ಸಂದಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ಸಂದಿತು. ಜಲಪಾತದ ಮೊರೆತವನ್ನು ಹಗಲಿರುಳೂ ಕೇಳುತ್ತಿದ್ದ ಹಳ್ಳಿಗಳ ಗುಡಿಸಲುಗಳಿಗೆ ತಲಪಲು ಬಹುಕಾಲ ಹಿಡಿಯಿತು.

ಹಾಗಿದ್ದರೂ ೧೭೯೯ಕ್ಕೂ ೧೯೦೨ಕ್ಕೂ ಒಂದು ವ್ಯತ್ಯಾಸವುಂಟು. ಎರಡನೆಯ ಸಲ ಮೈಸೂರಿನ ಕೈಯಲ್ಲಿ ಮಾರತಕ್ಕದ್ದು ಒಂದು ಇತ್ತು. ಬೇಸಗೆಯಲ್ಲಿ ಕಾವೇರಿ ಬಡವಾದಾಗ ಗಣಿಗಳಿಗೆ ಬೇಕಾದಷ್ಟು ವಿದ್ಯುತ್ತು ಹುಟ್ಟುತ್ತಿರಲಿಲ್ಲ. ಆದಕಾರಣ ನದಿಗೆ ಮೇಲ್ಗಡೆ ಕಟ್ಟೆ ಬೇಕೆಂಬ ಮೈಸೂರಿನ ಆಸೆಗೆ ಗಣಿಯವರ ಅವಶ್ಯಕತೆಯೂ ಜೊತೆಗೂಡಿತು. ೧೯೦೯ರಲ್ಲಿ ಮುಖ್ಯ ಇಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಯೋಜನೆಯನ್ನು ಮುಂದಿಟ್ಟಾಗ ವಿದ್ಯುತ್ತನ್ನೂ ನೀರಾವರಿಯನ್ನೂ ಒಂದೇ ನೊಗಕ್ಕೆ ಹೂಡಿದರು. ಚಿನ್ನದ ಹೆಸರಿನಲ್ಲಿ ನೀರು ಬಂದೀತೆಂಬ ಲೆಕ್ಕಾಚಾರ ಅದು.

ಅಡ್ಡಿಯೊಂದಿತ್ತು. ೧೮೯೨ರ ಫೆಬ್ರವರಿ ೧೮ರಂದು ಆದ ಒಪ್ಪಂದದ ಪ್ರಕಾರ, ಅದರಲ್ಲಿ ಹೆಸರಿಸಿದ ನದಿಗಳ ಮೇಲೆ ಮದರಾಸು ಸರ್ಕಾರದ ಸಮ್ಮತಿಯಿಲ್ಲದೆ ಮೈಸೂರು ಹೊಸ ಜಲಾಶಯಗಳನ್ನು ಕಟ್ಟುವಂತಿರಲಿಲ್ಲ. ಮದರಾಸಿಗೂ ಒಂದು ನ್ಯಾಯವಿತ್ತು. ತಂಜಾವೂರಿನ ಗದ್ದೆಗಳು ಶತಮಾನಗಳಿಂದ ಇದೇ ನೀರನ್ನು ನಂಬಿದ್ದುವು. ಆದರೆ ವ್ಯಾಜ್ಯದ ಒಂದು ಪಕ್ಷ ಬ್ರಿಟಿಷ್ ಪ್ರಾಂತ. ತೀರ್ಪುಗಾರನೂ ಬ್ರಿಟಿಷ್ ಪ್ರಭುತ್ವವೇ. ಇಂಡಿಯಾ ಸರ್ಕಾರ ಮೊದಲು ಅಪ್ಪಣೆ ಕೊಟ್ಟದ್ದು ೧೧ ಸಾವಿರ ಮಿಲಿಯ ಘನ ಅಡಿಗಳ ಸಣ್ಣ ಕಟ್ಟೆಗೆ ಮಾತ್ರ. ೧೯೧೧ರಲ್ಲಿ ಕೆಲಸ ಆರಂಭವಾದಾಗ ಮೈಸೂರಿನವರು ಅಸ್ತಿಭಾರವನ್ನು ಪೂರ್ಣ ಎತ್ತರದ ಕಟ್ಟೆಗೆ ಆಗುವಷ್ಟು ಅಗಲವಾಗಿಯೇ ಹಾಕಿದರು. ಮದರಾಸು ಆಕ್ಷೇಪಿಸಿತು. ಅಲಹಾಬಾದು ಹೈಕೋರ್ಟಿನ ನ್ಯಾಯಮೂರ್ತಿ ಸರ್ ಹೆನ್ರಿ ಗ್ರಿಫಿನ್ನರು ೧೯೧೪ರಲ್ಲಿ ಕೊಟ್ಟ ಪಂಚಾಯಿತಿ ತೀರ್ಪು ಬಹುಮಟ್ಟಿಗೆ ಮೈಸೂರಿನ ಕಡೆಗಿತ್ತು. ೧೯೧೬ರಲ್ಲಿ ಇಂಡಿಯಾ ಸರ್ಕಾರ ಅದನ್ನು ಸ್ಥಿರಪಡಿಸಿತು. ಮದರಾಸಿನ ಮನವಿಯ ಮೇಲೆ ಲಂಡನ್ನಿನ ಭಾರತಮಂತ್ರಿ ಅದನ್ನು ತಡೆಹಿಡಿದನು. ಕಡೆಗೆ ಮಾತುಕತೆಗಳಾಗಿ, ೧೯೨೪ರ ಫೆಬ್ರವರಿ ೧೮ರಂದು, ಹಳೆಯ ಕರಾರಾದ ತಾರೀಖಿನಂದೇ, ಹೊಸ ಕರಾರಾಯಿತು. ಕನ್ನಂಬಾಡಿಯ ಕಟ್ಟೆಯಿಂದ ಮೈಸೂರಿಗೆ ೧,೨೫,೦೦೦ ಎಕರೆಗಳ ಹೊಸ ಸಾಗುವಳಿ; ಮೆಟ್ಟೂರಿನಿಂದ ಮದರಾಸಿಗೆ ೩,೦೧,೦೦೦ ಎಕರೆ; ಕೆಲವು ಅಂಶಗಳನ್ನು ಐವತ್ತು ವರ್ಷಗಳ ಮೇಲೆ ಮತ್ತೆ ವಿಚಾರ ಮಾಡತಕ್ಕದ್ದು.

ಈ ಒಪ್ಪಂದವನ್ನು ಬಯ್ಯುವುದು ವಾಡಿಕೆ. ಅಸಮಾನರ ನಡುವಿನ ಒಪ್ಪಂದವೆಂಬುದು ನಿಜ. ಆದರೂ ಒಂದು ಸಂಗತಿಯನ್ನು ಮರೆಯಬಾರದು. ಮೈಸೂರಿಗೆ ಸ್ವಂತ ಸೈನ್ಯದ ಬಲವಿರಲಿಲ್ಲ, ಬಂದರಿರಲಿಲ್ಲ. ಇದ್ದದ್ದು ನದಿಯ ಮಟ್ಟವನ್ನು ಅಳೆದ ದಾಖಲೆಗಳು, ಲೆಕ್ಕ ಬಲ್ಲ ಇಂಜಿನಿಯರುಗಳು, ಹದಿಮೂರು ವರ್ಷ ಪಟ್ಟು ಬಿಡದ ತಾಳ್ಮೆ. ಮಳವಳ್ಳಿಯಲ್ಲಿ ಕತ್ತಿಗೆ ಸಿಕ್ಕದ್ದು ಅಷ್ಟೋ ಇಷ್ಟೋ ಅಳತೆಗೋಲಿಗೆ ಸಿಕ್ಕಿತು. ಚಿಕ್ಕ ರಾಜ್ಯದ ಸ್ವಾತಂತ್ರ್ಯವು ಅದರ ಅಂಕಿ ಅಂಶಗಳ ಸತ್ಯದಲ್ಲಿದೆ ಎಂಬುದು ಇಲ್ಲಿಯ ಪಾಠ. ಆದರೆ ಆ ಕಟ್ಟೆಗಾಗಿ ಮುಳುಗಿದ ಹಳ್ಳಿಗಳ ಜನರನ್ನು ಯಾರು ಕೇಳಿದರು? ಅವರಿಗೆ ಮೈಸೂರೇ ದೊಡ್ಡ ರಾಷ್ಟ್ರವಾಗಿತ್ತು.

ಇನ್ನು ಮಂಡ್ಯಕ್ಕೆ ಬರೋಣ. ಕಟ್ಟೆಯ ನೀರನ್ನು ಹುಲಿಕೆರೆಯ ಬಳಿ ಮೈಲಿಗೂ ಮಿಗಿಲಾದ ಸುರಂಗದ ಮೂಲಕ ದಿಣ್ಣೆಯ ಆಚೆಗೆ ದಾಟಿಸಿ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರಾಗಿಯ ಹೊಲಗಳಿಗೆ ಹರಿಸಿದರು. ಅದಕ್ಕೆ ಆಗಿನ ವೈಸರಾಯ್ ಇರ್ವಿನ್ನರ ಹೆಸರನ್ನಿಟ್ಟರು. ಇಂದು ಅದು ವಿಶ್ವೇಶ್ವರಯ್ಯ ನಾಲೆ. ಆದರೆ ನೀರು ಬಂದ ಘಳಿಗೆಯಲ್ಲಿಯೇ ಜಗತ್ತಿನಲ್ಲಿ ಆರ್ಥಿಕ ಮುಗ್ಗಟ್ಟು. ಧಾನ್ಯದ ಬೆಲೆ ಕುಸಿದಿತ್ತು. ಭತ್ತ, ರಾಗಿಗಳ ಬೆಲೆಯಿಂದ ನಾಲೆಯ ಸಾಲವನ್ನು ತೀರಿಸುವುದು ಹೇಗೆ? ಇರ್ವಿನ್ ನಾಲೆಯ ರೈತರು ಕರದ ವಿಷಯದಲ್ಲಿ ಮೂವತ್ತರ ದಶಕದ ಆದಿಯಲ್ಲಿಯೇ ಗುಂಪುಗೂಡಿ ಪ್ರತಿಭಟಿಸಿದರು. ಹಣ ತರುವ ಪೈರು ಬೇಕಾಗಿತ್ತು. ಆ ಪೈರು ಕಬ್ಬು.

ಆಗ ಇಂಡಿಯಾ ದೇಶ ತಿನ್ನುತ್ತಿದ್ದ ಬಿಳಿ ಸಕ್ಕರೆಯ ಬಹುಭಾಗ ಡಚ್ಚರ ಜಾವಾದಿಂದ ಬರುತ್ತಿತ್ತು. ೧೯೩೨ರಲ್ಲಿ ಇಂಡಿಯಾ ಸರ್ಕಾರ ಸಕ್ಕರೆ ಕೈಗಾರಿಕೆಯ ಸಂರಕ್ಷಣೆಯ ಕಾನೂನನ್ನು ಮಾಡಿ ವಿದೇಶದ ಸಕ್ಕರೆಯ ಮೇಲೆ ಭಾರಿ ಸುಂಕ ಹಾಕಿತು. ಈ ಸುಂಕದ ಗೋಡೆಯ ನೆರಳಿನಲ್ಲಿ ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಹುಟ್ಟಿ, ೧೯೩೪ರ ಜನವರಿಯಲ್ಲಿ ಮಂಡ್ಯದಲ್ಲಿ ಕಬ್ಬು ಅರೆಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಆಡಳಿತದ ಕಾಲ. ಇದಕ್ಕಾಗಿ ದುಡಿದವರಲ್ಲಿ ಮುಖ್ಯರು ವ್ಯವಸಾಯದ ಡೈರೆಕ್ಟರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್. ಸರ್ಕಾರವೂ ಷೇರು ಕೊಂಡಿತು, ಕಬ್ಬು ಬೆಳೆಯುವ ರೈತರೂ ಕೊಂಡರು. ನಾಲೆಯ ಬಯಲಿನಲ್ಲಿ ಬ್ಲಾಕು ಪದ್ಧತಿ ಜಾರಿಗೆ ಬಂದಿತು. ಕಬ್ಬಿಗೊಂದು ಪಾಲು, ಭತ್ತಕ್ಕೊಂದು ಪಾಲು, ಅರೆನೀರಾವರಿ ಪೈರಿಗೊಂದು ಪಾಲು, ವರ್ಷವರ್ಷಕ್ಕೂ ಸರದಿ. ಐದಾರು ವರ್ಷಗಳಲ್ಲಿ, ೧೯೩೯ರಲ್ಲಿ, ಮಂಡ್ಯ ಒಂದು ಜಿಲ್ಲೆಯ ಮುಖ್ಯಪಟ್ಟಣವಾಯಿತು.

ಇಲ್ಲಿ ಸ್ವಲ್ಪ ನಿಂತು ಸಮುದ್ರದಾಚೆಗೆ ದೃಷ್ಟಿ ಹಾಯಿಸಬೇಕು. ಮಂಡ್ಯದ ಚಿಮಣಿಯಿಂದ ಹೊಗೆ ಎದ್ದ ಕಾಲದಲ್ಲಿಯೇ ಜಾವಾದ ಚಿಮಣಿಗಳು ಆರುತ್ತ ಬಂದುವು. ೧೯೩೦ರ ಸುಮಾರಿನಲ್ಲಿ ಮೂವತ್ತು ಲಕ್ಷ ಟನ್ನುಗಳಷ್ಟಿದ್ದ ಆ ದ್ವೀಪದ ಸಕ್ಕರೆ ೧೯೩೫ರ ವೇಳೆಗೆ ಐದು ಲಕ್ಷ ಟನ್ನುಗಳ ಆಸುಪಾಸಿಗೆ ಇಳಿಯಿತು. ಇಂಡಿಯಾದ ಸುಂಕವೊಂದೇ ಇದಕ್ಕೆ ಕಾರಣವಲ್ಲ. ಕ್ಯೂಬಾ, ಜಾವಾ ಮೊದಲಾದವರು ೧೯೩೧ರಲ್ಲಿ ಮಾಡಿಕೊಂಡ ರಫ್ತು ನಿಯಂತ್ರಣವೂ ಒಂದು. ಆದರೂ ದೊಡ್ಡ ಗಿರಾಕಿ ಕೈಬಿಟ್ಟದ್ದು ದೊಡ್ಡ ಪೆಟ್ಟು. ಗಿರಣಿಗೆ ಗದ್ದೆಯನ್ನು ಗುತ್ತಿಗೆ ಕೊಟ್ಟು ಕೂಲಿ ಮಾಡುತ್ತಿದ್ದ ಜಾವಾದ ರೈತನು ಮಂಡ್ಯದ ಹೆಸರನ್ನು ಕೇಳಿದವನಲ್ಲ. ನಮ್ಮವರು ಅವನ ಹೆಸರನ್ನು ಕೇಳಿದವರಲ್ಲ. ಒಬ್ಬನ ಅನ್ನ ಇನ್ನೊಬ್ಬನ ಎಲೆಗೆ ಬಿದ್ದಿತು. ಬಡಿಸಿದವರು ಇಬ್ಬರಿಗೂ ದೂರದವರು. ವಿಚಿತ್ರವೆಂದರೆ, ಕೊಯಮತ್ತೂರಿನಲ್ಲಿ ಸಿದ್ಧವಾಗಿ ದಕ್ಷಿಣದೇಶದ ಗದ್ದೆಗಳಲ್ಲಿ ಹಬ್ಬಿದ ಸಿ.ಓ. ೪೧೯ ಎಂಬ ಪ್ರಸಿದ್ಧ ಕಬ್ಬಿನ ಒಂದು ಮೂಲ ಜಾವಾದ ಪಿ.ಓ.ಜೆ. ೨೮೭೮ ತಳಿಯೇ. ಸಾಮ್ರಾಜ್ಯಗಳು ಸುಂಕದ ಗೋಡೆಗಳನ್ನು ಎಬ್ಬಿಸುತ್ತಿದ್ದಾಗ ಕಬ್ಬು ತನ್ನ ಪಾಡಿಗೆ ನೆಂಟಸ್ತನ ಬೆಳೆಸುತ್ತಿತ್ತು.

ಸುಂಕದ ನೆರಳೂ ಸ್ಥಿರವಾದುದಲ್ಲ. ೧೯೩೪ರಲ್ಲಿ ಇಂಡಿಯಾ ಸರ್ಕಾರವೇ ಸ್ವದೇಶದ ಸಕ್ಕರೆಯ ಮೇಲೆ ಅಬಕಾರಿ ತೆರಿಗೆ ಹಾಕಿತು. ೧೯೩೭ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಸಕ್ಕರೆ ಒಪ್ಪಂದಕ್ಕೆ ರುಜು ಹಾಕಿ, ಬರ್ಮಾ ಒಂದನ್ನು ಬಿಟ್ಟು ಬೇರೆಲ್ಲಿಗೂ ಇಂಡಿಯಾ ಸಮುದ್ರಮಾರ್ಗವಾಗಿ ಸಕ್ಕರೆಯನ್ನು ಕಳುಹಿಸುವುದಿಲ್ಲವೆಂದು ಒಪ್ಪಿತು. ಕೇಂದ್ರ ಶಾಸನಸಭೆಯ ವಿರೋಧವೂ ನಡೆಯಲಿಲ್ಲ. ಬೆಳೆಯಲು ಕಲಿತೊಡನೆ ಮಾರಲು ಬಾಗಿಲು ಮುಚ್ಚಿತು. ೧೯೪೨ರ ಮಾರ್ಚಿಯಲ್ಲಿ ಜಪಾನೀಯರು ಜಾವಾವನ್ನು ಹಿಡಿದರು. ಮಿಗುತಾಯದ ಸರಕಾಗಿದ್ದ ಸಕ್ಕರೆ ಅದೇ ವರ್ಷ ಸರ್ಕಾರದ ಹತೋಟಿಗೆ ಒಳಪಟ್ಟಿತು. ರೈತನು ಬಿತ್ತಿದ್ದು ಒಂದೇ ಕಬ್ಬು. ಅದರ ಅರ್ಥವನ್ನು ಮಾತ್ರ ದೂರದವರು ಬದಲಾಯಿಸುತ್ತಿದ್ದರು.

ಕೇಳದೆ ತೀರ್ಮಾನಿಸುವುದು ಸಾಕು ಎಂಬ ಮಾತು ಈ ಸೀಮೆಯಲ್ಲಿ ಬಹಿರಂಗವಾಗಿ ಹೊರಟದ್ದು ಮದ್ದೂರಿನಲ್ಲಿ. ೧೯೩೮ರ ಏಪ್ರಿಲ್ ತಿಂಗಳಿನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲನೆಯ ಅಧಿವೇಶನ ಮದ್ದೂರಿನ ಬಳಿಯ ಶಿವಪುರದಲ್ಲಿ ಕೂಡಿತು. ಧ್ವಜವನ್ನು ಏರಿಸಕೂಡದೆಂದು ಸರ್ಕಾರದ ನಿಷೇಧ, ಅಧ್ಯಕ್ಷರಾದ ಟಿ. ಸಿದ್ದಲಿಂಗಯ್ಯನವರು ಅದನ್ನು ಮೀರಿ ಧ್ವಜವನ್ನು ಏರಿಸಿ ಸೆರೆಯಾದರು. ಅವರ ಹಿಂದೆ ಅನೇಕರು ಸೆರೆಯಾದರು. ಅದೇ ತಿಂಗಳ ೨೫ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ತರು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ಬಂದು ದಿವಾನರೊಡನೆ ಮಾತಾಡಿದ ಮೇಲೆ ಎರಡು ಧ್ವಜಗಳೂ ಜೊತೆಯಾಗಿ ಹಾರಬಹುದೆಂದಾಯಿತು. ಮಿರ್ಜಾರವರು ಮಂಡ್ಯಕ್ಕೆ ನಾಲೆಯನ್ನೂ ಕಾರ್ಖಾನೆಯನ್ನೂ ಕೊಟ್ಟವರು. ಆ ನಾಲೆಯ ಬಯಲಿನಲ್ಲಿಯೇ ಅವರಿಗೆ ಇದಿರು ನಿಂತದ್ದು ಕೃತಘ್ನತೆಯೆಂದು ಅಂದು ಕೆಲವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ನನಗೆ ಹಾಗೆ ತೋರುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಮಾತಾಡಲು ಧೈರ್ಯ ಬರುತ್ತದೆ. ಸೌಖ್ಯವನ್ನು ಕೊಟ್ಟವರು ಕೇಳುವ ಹಕ್ಕನ್ನೂ ಕೊಡಬೇಕಾಗುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನು ಹಿಡಿದಿಡಲಾಗದು.

೧೯೪೭ರಲ್ಲಿ ಜವಾಬ್ದಾರಿ ಸರ್ಕಾರ ಬಂದಿತು. ಸಾಮ್ರಾಜ್ಯ ಹೋಯಿತು, ದೂರ ಹೋಗಲಿಲ್ಲ. ೧೯೨೪ರ ಒಪ್ಪಂದದ ಐವತ್ತು ವರ್ಷಗಳು ೧೯೭೪ರಲ್ಲಿ ಮುಗಿದುವು. ೧೯೯೦ರಲ್ಲಿ ನ್ಯಾಯಮಂಡಲಿ, ೧೯೯೧ರಲ್ಲಿ ಮಧ್ಯಂತರ ಆಜ್ಞೆ, ೨೦೦೭ರಲ್ಲಿ ತೀರ್ಪು. ಕೊನೆಗೆ ೨೦೧೮ರ ಫೆಬ್ರವರಿ ೧೬ರಂದು ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ೨೮೪.೭೫, ತಮಿಳುನಾಡಿಗೆ ೪೦೪.೨೫ ಸಾವಿರ ಮಿಲಿಯ ಘನ ಅಡಿಗಳೆಂದು ವಿಧಿಸಿತು. ಸಕ್ಕರೆಯ ಕಥೆಯೂ ಹಾಗೆಯೇ. ೨೦೧೫ರಲ್ಲಿ ದೇಶದಲ್ಲಿ ಸಕ್ಕರೆ ಮಿತಿಮೀರಿತ್ತು. ಬ್ರೆಜಿಲ್ ದೇಶದ ನಾಣ್ಯದ ಬೆಲೆ ಇಳಿದು ಜಗತ್ತಿನ ಪೇಟೆಯಲ್ಲಿಯೂ ಸಕ್ಕರೆ ಕುಸಿದಿತ್ತು. ಕಬ್ಬಿನ ಹಣ ಬಾಕಿ ಬಿದ್ದಿತು. ಆ ವರ್ಷ ಮಂಡ್ಯದ ಸೀಮೆಯಲ್ಲಿ ರೈತರು ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡರು. ೨೦೧೯ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯ, ಗ್ವಾಟೆಮಾಲಗಳು ನಮ್ಮ ಕಬ್ಬಿನ ಬೆಂಬಲ ಬೆಲೆಯ ಮೇಲೆ ಜಿನೀವದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಹೂಡಿದುವು. ೨೦೨೧ರಲ್ಲಿ ಪಂಚಾಯಿತಿ ನಮ್ಮ ವಿರುದ್ಧ ಹೇಳಿತು. ಇಂಡಿಯಾ ಮೇಲ್ಮನವಿ ಸಲ್ಲಿಸಿತು. ಇನ್ನೊಂದು ಕಡೆ ೨೦೨೨ರಲ್ಲಿ ಪಟ್ಟಣದವರಿಗೆ ಸಕ್ಕರೆ ತುಟ್ಟಿಯಾಗದಿರಲೆಂದು ರಫ್ತನ್ನು ಬಿಗಿಹಿಡಿದವರು ನಮ್ಮವರೇ.

ಇಷ್ಟನ್ನು ಕೇಳಿ, ಹಾಗಾದರೆ ಈ ಜನರು ಬರಿಯ ದಾಳಗಳೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ೧೯೫೪ರಿಂದ ೧೯೫೬ರವರೆಗೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿದ್ದು ಅವುಗಳ ಆರ್ಥಿಕ ಜೀವನವನ್ನು ಅಭ್ಯಾಸ ಮಾಡಿದರು. ತಮ್ಮ ಗ್ರಂಥದಲ್ಲಿ ಅವುಗಳಿಗೆ ವಂಗಲ, ದಲೇನ ಎಂದು ಮರೆಹೆಸರಿಟ್ಟರು. ವಂಗಲಕ್ಕೆ ನಾಲೆಯ ನೀರು ಬಂದಿತು. ಅದು ಕಬ್ಬು ಬೆಳೆದು ಸಿರಿವಂತವಾಯಿತು, ಹಳೆಯ ಕಟ್ಟುಪಾಡುಗಳನ್ನು ಹಾಗೆಯೇ ಉಳಿಸಿಕೊಂಡಿತು. ದಲೇನ ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ. ಅಲ್ಲಿಯ ಜನ ಕೈಕಟ್ಟಿ ಕೂಡಲಿಲ್ಲ; ಬೇರೆ ಊರುಗಳಲ್ಲಿ ಗದ್ದೆ ಕೊಂಡರು, ಗಾಡಿ ಹೊಡೆದರು, ಮಂಡ್ಯದ ಕಾರ್ಖಾನೆಗೂ ಕಚೇರಿಗಳಿಗೂ ಹೋದರು; ಸಾಮಾಜಿಕವಾಗಿ ಹೆಚ್ಚು ಬದಲಾದದ್ದು ಆ ಒಣ ಹಳ್ಳಿಯೇ. ಇಂಜಿನಿಯರು ಗೆರೆ ಎಳೆಯುತ್ತಾನೆ. ಗೆರೆಯ ಹೊರಗೆ ಬಿದ್ದವನು ತನ್ನ ದಾರಿಯನ್ನು ತಾನೇ ಎಳೆದುಕೊಳ್ಳುತ್ತಾನೆ. ಆದರೆ ಈ ಚಾತುರ್ಯವನ್ನು ಮೆಚ್ಚಿ ನಾವು ನಮ್ಮ ಹೊಣೆಯನ್ನು ಮರೆಯಬಾರದು.

ನಮ್ಮ ಹೊಣೆಯೆಂದೆ. ಆ ಮಾತನ್ನು ಸ್ವಲ್ಪ ಬಿಡಿಸಿ ಹೇಳಿ ಮುಗಿಸುತ್ತೇನೆ. ಬೆಂಗಳೂರಿನಲ್ಲಿ ಕುಳಿತು ಇದನ್ನು ಕೇಳುತ್ತಿರುವವರ ಮನೆಯ ನಲ್ಲಿಯಲ್ಲಿ ಬರುವ ಕಾವೇರಿ ನೀರು ಎಲ್ಲಿಂದ ಬರುತ್ತದೆ? ೧೯೭೪ರಿಂದ ಅದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ಹರಿದು, ಬೆಟ್ಟದಷ್ಟು ಎತ್ತರಕ್ಕೆ ಏರಿ ಬರುತ್ತದೆ. ೨೦೧೮ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚಾಗಿ ದೊರೆತ ೧೪.೭೫ರಲ್ಲಿ ೪.೭೫ ಭಾಗ ಬೆಂಗಳೂರಿನ ಹೆಸರಿನದು. ೨೦೨೪ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಹರಿಯಿತು. ಶಿವನಸಮುದ್ರದ ಸೀಮೆ ನಮಗೆ ಮೊದಲು ದೀಪವನ್ನು ಕೊಟ್ಟಿತು, ಆಮೇಲೆ ನೀರನ್ನು ಕೊಟ್ಟಿತು; ಮಂಡ್ಯ ಸಕ್ಕರೆಯನ್ನು ಕೊಟ್ಟಿತು. ನಾವು ಅವರನ್ನು ಎಷ್ಟು ಸಲ ಕೇಳಿದೆವು? ಬರಗಾಲದ ವರ್ಷ ನಾಲೆಗೆ ನೀರು ನಿಂತು, ನಮ್ಮ ನಲ್ಲಿಗೆ ನಿಲ್ಲದೆ ಇದ್ದಾಗ ಒಂದು ಮಾತು ಆಡಿದೆವೆ?

ಬಾಯಾರಿದವನಿಗೆ ನೀರು ಬೇಡವೆಂದು ನಾನು ಹೇಳುತ್ತಿಲ್ಲ. ನಗರಕ್ಕೆ ನೀರು ಬೇಕು, ತಂಜಾವೂರಿಗೂ ಬೇಕು. ಆದರೆ ನೀರನ್ನು ಅಳೆಯುವ ಮನೆಯಲ್ಲಿ, ಕಬ್ಬಿನ ಬೆಲೆ ಕಟ್ಟುವ ಮೇಜಿನ ಬಳಿ, ಹೊಲದವನಿಗೂ ಒಂದು ಮಣೆ ಇರಬೇಕು. ಅಂಕಿ ಅಂಶಗಳು ಅವನಿಗೆ ತಿಳಿಯುವ ಕನ್ನಡದಲ್ಲಿ ಅವನ ಮುಂದೆ ಇರಬೇಕು. ಸಾಮ್ರಾಜ್ಯಗಳನ್ನು ಬಯ್ಯುವುದು ಸುಲಭ, ಏಕೆಂದರೆ ಅವು ಯಾವಾಗಲೂ ಬೇರೆಯವರವು. ಮಳವಳ್ಳಿಯ ಕಣ್ಣಿಗೆ ನಾವೂ ಒಂದು ಸಾಮ್ರಾಜ್ಯವಾಗಿ ಕಾಣುತ್ತಿರಬಹುದೆಂಬ ಶಂಕೆ ನಮ್ಮಲ್ಲಿ ಹುಟ್ಟಿದರೆ, ನಾಳೆ ನಲ್ಲಿಯನ್ನು ತಿರುಗಿಸುವಾಗ ಕೈ ಒಂದು ಕ್ಷಣ ತಡೆದರೆ, ಈ ಹೊತ್ತಿನ ನನ್ನ ಮಾತು ವ್ಯರ್ಥವಾಗಲಿಲ್ಲವೆಂದು ತಿಳಿಯುತ್ತೇನೆ.